ಮುಯ್ಯಾಳು ಮತ್ತು ಮತಭೇದ: ಸ್ವಯಂನಿರ್ವಹಣೆಯ ದುಡಿಮೆಯ ತಂಡಗಳಲ್ಲಿ ನಿರ್ಣಯವಾಗುವ ಬಗೆ

೧

ಕನ್ನಡದ 'ಮುಯ್ಯಿ' ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಮದುವೆ ಮುಂಜಿಗಳಲ್ಲಿ ಪಡೆದ ಉಡುಗೊರೆಗೆ ಪ್ರತಿಯಾಗಿ ಕೊಡುವ ಉಡುಗೊರೆ ಮುಯ್ಯಿ. ಮಾಡಿದ ಕೇಡಿಗೆ ಪ್ರತಿಯಾಗಿ ತೀರಿಸಿಕೊಳ್ಳುವ ಹಗೆಯೂ ಮುಯ್ಯಿಯೇ. ಒಲವನ್ನೂ ಹಗೆಯನ್ನೂ ಒಂದೇ ಶಬ್ದದಲ್ಲಿ ಅಡಗಿಸಿದ ನಮ್ಮ ಪೂರ್ವಿಕರು ಮರೆವಿನಿಂದ ಹಾಗೆ ಮಾಡಿದರೆಂದು ತಿಳಿಯಲಾಗದು. ಎರಡರಲ್ಲಿಯೂ ಇರುವುದು ಲೆಕ್ಕ. ಕೊಟ್ಟದ್ದನ್ನು ಮರೆಯದಿರುವುದು, ಪಡೆದದ್ದನ್ನು ಹಿಂದಿರುಗಿಸುವುದು. ಮಲೆನಾಡಿನ ಬೇಸಾಯಗಾರರು ಆಳಿಗೆ ಆಳು ಕೊಟ್ಟು ಒಬ್ಬರ ಗದ್ದೆಯಲ್ಲಿ ಮತ್ತೊಬ್ಬರು ದುಡಿಯುವ ಪದ್ಧತಿಗೆ 'ಮುಯ್ಯಾಳು' ಎಂದು ಹೆಸರಿಟ್ಟರು. ಆ ಹೆಸರಿನಲ್ಲಿಯೇ ಸಹಕಾರವೂ ಇದೆ, ಸಹಕಾರವು ಕೆಟ್ಟರೆ ಏನಾದೀತೆಂಬ ಎಚ್ಚರಿಕೆಯೂ ಇದೆ.

ಆದರೆ ಮುಯ್ಯಾಳನ್ನು ಕುರಿತು ಇತ್ತೀಚಿನ ದಶಕಗಳಲ್ಲಿ ನಾವು ಓದುತ್ತಿರುವ ಬರವಣಿಗೆಯಲ್ಲಿ ಮೊದಲನೆಯ ಅರ್ಥ ಮಾತ್ರ ಉಳಿದಿದೆ. ಹಿಂದಿನ ಹಳ್ಳಿಗರು ಒಂದೇ ಮನಸ್ಸಿನವರಾಗಿದ್ದರು, ಹಾಡುತ್ತ ನೆಟ್ಟರು, ಹಾಡುತ್ತ ಕೊಯ್ದರು, ಈಗ ಆ ಒಗ್ಗಟ್ಟು ಹೋಯಿತು ಎಂಬುದು ಅದರ ಪಲ್ಲವಿ. ಇನ್ನೊಂದು ಕಡೆ, ಮೇಲ್ವಿಚಾರಕನಿಲ್ಲದೆ ತಾವೇ ಕೆಲಸವನ್ನು ಹಂಚಿಕೊಂಡು ನಡೆಸುವ ತಂಡಗಳನ್ನು ಕುರಿತು ಪಾಶ್ಚಾತ್ಯ ವಿದ್ವಾಂಸರು ಬರೆದಿರುವ ಗ್ರಂಥಗಳು ನಮ್ಮ ವಾಣಿಜ್ಯ ಮತ್ತು ಸಮಾಜಶಾಸ್ತ್ರದ ತರಗತಿಗಳಿಗೆ ಬಂದಿವೆ. ಅವುಗಳಲ್ಲಿ ಬಹುಮಟ್ಟಿಗೆ ಮತಭೇದವೆಂದರೆ ಚಿಕಿತ್ಸೆ ಮಾಡಬೇಕಾದ ಒಂದು ವ್ಯಾಧಿ. ಒಂದು ಪಕ್ಷದವರು ಭಿನ್ನಾಭಿಪ್ರಾಯವು ಇರಲೇ ಇಲ್ಲವೆನ್ನುತ್ತಾರೆ. ಮತ್ತೊಂದು ಪಕ್ಷದವರು ಅದು ಇರಬಾರದೆನ್ನುತ್ತಾರೆ. ಈ ಎರಡು ಮತಗಳನ್ನೂ ಪರೀಕ್ಷಿಸುವುದೇ ಪ್ರಕೃತ ಲೇಖನದ ಉದ್ದೇಶ. ನಮ್ಮ ವಾದ ಇಷ್ಟೇ: ಸ್ವಯಂನಿರ್ವಹಣೆಯ ತಂಡವೊಂದರ ಬಾಳಿಕೆಯು ಅದರ ಸದಸ್ಯರು ಎಷ್ಟು ಒಪ್ಪಿದರೆಂಬುದನ್ನು ಅವಲಂಬಿಸಿಲ್ಲ, ಒಪ್ಪದಿರುವುದನ್ನು ಆಡುವುದಕ್ಕೆ ಅಲ್ಲಿ ಯಾವ ಸ್ಥಳ, ಯಾವ ವೇಳೆ ಇತ್ತೆಂಬುದನ್ನು ಅವಲಂಬಿಸಿದೆ.

ವಿಷಯಪ್ರವೇಶಕ್ಕೆ ಮುನ್ನ ಒಂದು ವಿವೇಚನೆ ಅಗತ್ಯ. 'ಸಹಕಾರ' ಎಂದೊಡನೆ ನಮ್ಮ ವಿದ್ಯಾರ್ಥಿಗಳ ನೆನಪಿಗೆ ಬರುವುದು ಪತ್ತಿನ ಸಂಘ. ೧೯೦೫ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ನೇತೃತ್ವದಲ್ಲಿ ಹುಟ್ಟಿದ ಸಂಘದಿಂದ ನಮ್ಮ ಸಹಕಾರಿ ಚಳವಳಿಯ ಚರಿತ್ರೆಯನ್ನು ಆರಂಭಿಸುವುದು ವಾಡಿಕೆ, ಅದು ಯುಕ್ತವೂ ಹೌದು. ಆದರೆ ಪತ್ತಿನ ಸಂಘದಲ್ಲಿ ಒಂದುಗೂಡುವುದು ಹಣ. ಸದಸ್ಯರು ತಮ್ಮ ತಮ್ಮ ಹೊಲಗಳಲ್ಲಿ ಬೇರೆ ಬೇರೆಯಾಗಿಯೇ ದುಡಿಯುತ್ತಾರೆ. ನಾವು ಇಲ್ಲಿ ವಿಚಾರಿಸುತ್ತಿರುವುದು ದುಡಿಮೆಯೇ ಒಂದುಗೂಡುವ ತಂಡವನ್ನು. ಯಾರು ಯಾವ ಕೆಲಸ ಮಾಡಬೇಕು, ಯಾವುದು ಮೊದಲು, ಯಾವುದು ಅನಂತರ, ತಪ್ಪಿದವನಿಗೆ ಏನು ಎಂಬುದನ್ನೆಲ್ಲ ದುಡಿಯುವವರೇ ನಿರ್ಣಯಿಸುವ ತಂಡವಿದು. ಅಂಥ ತಂಡದಲ್ಲಿ ಒಬ್ಬನ ಅಸಮಾಧಾನವು ಅದೇ ದಿನ ಇನ್ನೊಬ್ಬನ ಕೈಗೆ ತಾಗುತ್ತದೆ.

೨

ಶೃಂಗೇರಿ ಸೀಮೆಯ ಅಡ್ಡಗದ್ದೆಯನ್ನು ನಮ್ಮ ನಿದರ್ಶನಕ್ಕೆ ಆರಿಸಿಕೊಂಡಿದ್ದೇವೆ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರಗಳ ಈ ಪ್ರದೇಶದಲ್ಲಿ ಬಯಲುಸೀಮೆಯಂತೆ ಒತ್ತಾಗಿ ಕೂಡಿಕೊಂಡ ಊರುಗಳು ವಿರಳ. ಗುಡ್ಡದ ಓರೆಗೊಂದು ಮನೆ, ಕೆಳಗೆ ಅಡಿಕೆಯ ತೋಟ, ಅದಕ್ಕೂ ಕೆಳಗೆ ಗದ್ದೆ, ಮೇಲೆ ಸೊಪ್ಪಿನ ಬೆಟ್ಟ; ಮುಂದಿನ ಮನೆ ಒಂದು ಕೂಗಿನ ಆಚೆಗೆ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಆ ಕೂಗೂ ಕೇಳಿಸದು. ಹೀಗೆ ದೂರದೂರವಿರುವ ಮನೆಗಳಿಗೆ ನೆಟ್ಟಿಯ ಕಾಲದಲ್ಲಿ ಒಂದೇ ವಾರದೊಳಗೆ ಹತ್ತಿಪ್ಪತ್ತು ಕೈಗಳು ಬೇಕಾಗುತ್ತಿದ್ದವು. ಕೂಲಿಗೆ ಕೊಡಲು ನಗದು ಇಲ್ಲದ ಕಾಲದಲ್ಲಿ ಇದಕ್ಕಿದ್ದ ಮಾರ್ಗ ಮುಯ್ಯಾಳು.

ಪದ್ಧತಿಯ ಮೂಲಸೂತ್ರ ಸರಳವಾದುದು. ಇಂದು ನಿಮ್ಮ ಮನೆಯಿಂದ ಇಬ್ಬರು ನಮ್ಮ ಗದ್ದೆಗೆ ಬಂದರೆ, ನಾಳೆಯೋ ನಾಳಿದ್ದೋ ನಮ್ಮ ಮನೆಯಿಂದ ಇಬ್ಬರು ನಿಮ್ಮ ಗದ್ದೆಗೆ ಬರಬೇಕು. ಊಟ ಗದ್ದೆಯವರದು. ಕಾಗದದ ಮೇಲೆ ಲೆಕ್ಕವಿಲ್ಲ, ಆದರೂ ಲೆಕ್ಕ ತಪ್ಪುವಂತಿಲ್ಲ. ಮೇಸ್ತ್ರಿ ಎಂಬವನಿಲ್ಲ, ಗದ್ದೆ ಯಾರದೋ ಆ ದಿನ ಅವರ ಮಾತು ನಡೆಯುತ್ತದೆ, ಮರುದಿನ ಆತನೇ ಮತ್ತೊಬ್ಬರ ಮಾತಿನಂತೆ ನಡೆಯುತ್ತಾನೆ. ಅಧಿಕಾರವು ಗದ್ದೆಯಿಂದ ಗದ್ದೆಗೆ ಸರದಿಯಲ್ಲಿ ಸಾಗುವ ಈ ಏರ್ಪಾಡಿನಲ್ಲಿ ಯಾರೂ ಸದಾ ಯಜಮಾನರಲ್ಲ, ಯಾರೂ ಸದಾ ಆಳುಗಳಲ್ಲ.

ಸೂತ್ರವು ಸರಳವಾದರೂ ನಿರ್ಣಯಗಳು ಸರಳವಲ್ಲ. ಮೊದಲನೆಯದಾಗಿ, ಯಾರ ಗದ್ದೆ ಮೊದಲು? ಅಗೆ ಬಲಿತರೆ ತೆಂಡೆ ಒಡೆಯುವುದು ಕಡಿಮೆಯಾಗಿ ಇಳುವರಿ ಕುಗ್ಗುತ್ತದೆ. ಆದುದರಿಂದ ಕೊನೆಯ ಸರದಿ ಸಿಕ್ಕಿದವನಿಗೆ ನಷ್ಟ. ಎರಡನೆಯದಾಗಿ, ಯಾವ ದುಡಿಮೆಗೆ ಯಾವ ದುಡಿಮೆ ಸಮ? ಒಬ್ಬನು ಎತ್ತು, ನೇಗಿಲು ತಂದು ಒಂದು ದಿನ ಹೂಟಿ ಮಾಡಿಕೊಟ್ಟರೆ ಅದಕ್ಕೆ ಪ್ರತಿಯಾಗಿ ಬರಿಗೈಯವನು ಎಷ್ಟು ದಿನ ಬರಬೇಕು? ಮೂರನೆಯದಾಗಿ, ಗದ್ದೆ ಸಣ್ಣದಿರುವವನೂ ದೊಡ್ಡದಿರುವವನೂ ಒಂದೇ ಸುತ್ತಿನಲ್ಲಿದ್ದರೆ ಉಳಿದ ದಿನಗಳನ್ನು ಎಲ್ಲಿ ತುಂಬಿಕೊಳ್ಳುವುದು? ನಾಲ್ಕನೆಯದಾಗಿ, ಮಳೆ ಹಿಡಿದುಕೊಂಡು ಅರ್ಧ ದಿನಕ್ಕೇ ಕೆಲಸ ನಿಂತರೆ ಆ ದಿನ ಯಾರ ಲೆಕ್ಕಕ್ಕೆ? ಇವುಗಳಲ್ಲಿ ಒಂದಾದರೂ ವಾದವಿಲ್ಲದೆ ತೀರ್ಮಾನವಾಗುವ ಪ್ರಶ್ನೆಯಲ್ಲ. 'ಹಿಂದಿನವರು ಒಂದೇ ಮನಸ್ಸಿನವರು' ಎನ್ನುವವರು ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಹೇಳಬೇಕಾಗುತ್ತದೆ.

ಆ ಭಾಗದ ಹಿರಿಯ ಬೇಸಾಯಗಾರರೊಡನೆ ನಾವು ಮಾತನಾಡಿದಾಗ ಅವರು ವಾದಗಳನ್ನು ಮರೆಮಾಚಲಿಲ್ಲ. ನೆಟ್ಟಿಗೆ ಮುಂಚೆ ಯಾರಾದರೊಬ್ಬರ ಜಗಲಿಯಲ್ಲಿ ಕುಳಿತು, ಕವಳ ಹಾಕಿಕೊಂಡು, ಸರದಿಯನ್ನು ಮಾತನಾಡಿಕೊಳ್ಳುವುದಿತ್ತಂತೆ. ಅಲ್ಲಿ ದನಿ ಏರುವುದೂ ಉಂಟು, ಹಿಂದಿನ ವರ್ಷದ ಕೊರತೆಗಳನ್ನು ಎತ್ತಿ ಆಡುವುದೂ ಉಂಟು. ಅವರ ಮಾತಿನ ತಾತ್ಪರ್ಯವೆಂದರೆ, ಜಗಲಿಯ ಮೇಲೆ ಜಗಳವಾಡಿದವನ ವಿಷಯದಲ್ಲಿ ಯಾರಿಗೂ ಭಯವಿರಲಿಲ್ಲ, ಅವನು ಮರುದಿನ ಗದ್ದೆಗೆ ಬಂದೇ ಬರುತ್ತಿದ್ದ; ಭಯವಿದ್ದದ್ದು ಏನನ್ನೂ ಆಡದೆ ಎದ್ದು ಹೋದವನ ವಿಷಯದಲ್ಲಿ. ಅಂಥವನು ಆ ವರ್ಷ ಬಂದರೂ ಕೈ ನಿಧಾನವಾಗುತ್ತಿತ್ತು. ಮುಂದಿನ ವರ್ಷ ಬೇರೆ ಸುತ್ತನ್ನು ಸೇರುತ್ತಿದ್ದ. 'ಮೌನವೇ ಸಮ್ಮತಿಯ ಲಕ್ಷಣ' ಎಂಬ ಪ್ರಸಿದ್ಧ ಸೂಕ್ತಿಯು ಕನ್ಯಾದಾನದ ಸಂದರ್ಭಕ್ಕೆ ಹೇಗೋ ತಿಳಿಯದು, ದುಡಿಮೆಯ ತಂಡಕ್ಕೆ ಮಾತ್ರ ಅದು ಪೂರ್ತಿಯಾಗಿ ವಿರುದ್ಧವಾದುದು. ಇಲ್ಲಿ ಮೌನವು ಅಗಲಿಕೆಯ ಮೊದಲ ಹೆಜ್ಜೆ.

ಆದರೆ ಈ ಚಿತ್ರವನ್ನು ಇಲ್ಲಿಗೇ ನಿಲ್ಲಿಸಿದರೆ ನಾವೂ ಅರ್ಧ ಚರಿತ್ರೆಯನ್ನೇ ಬರೆದಂತಾಗುತ್ತದೆ. ಜಗಲಿಯ ಮೇಲೆ ಕುಳಿತವರಾರು? ಮುಯ್ಯಿ ತೀರಿಸಲು ಗದ್ದೆ ಇರಬೇಕು. ಗದ್ದೆಯಿಲ್ಲದವನಿಗೆ ದುಡಿದ ದಿನವನ್ನು ಹಿಂದಕ್ಕೆ ಪಡೆಯುವ ಸ್ಥಳವೇ ಇಲ್ಲ. ಸಾಲಕ್ಕೆ ಸಿಕ್ಕಿ ಒಡೆಯನ ಮನೆಯಲ್ಲಿ ದುಡಿಯುತ್ತಿದ್ದವನೂ, ಬಿಟ್ಟಿಗೆ ಕರೆದಾಗ ಬರಲೇಬೇಕಾಗಿದ್ದವನೂ ಈ ಸುತ್ತಿನ ಹೊರಗಿನವರು. ದೂರದಿಂದ ನೋಡಿದರೆ ಬಿಟ್ಟಿಯ ತಂಡವೂ ಮುಯ್ಯಾಳಿನ ತಂಡವೂ ಒಂದೇ ಬಗೆಯಾಗಿ ಬಾಗಿ ನೆಡುತ್ತಿರುತ್ತವೆ; ಬಿಟ್ಟಿಯ ತಂಡದಲ್ಲಿ ಗಲಾಟೆ ಇನ್ನೂ ಕಡಿಮೆ. ಭೇದವಿರುವುದು ಒಂದೇ ಕಡೆ: 'ಆಗದು' ಎನ್ನುವ ಅಧಿಕಾರದಲ್ಲಿ. ಗೇಣಿಯ ಒಕ್ಕಲುಗಳ ಸ್ಥಿತಿ ಇವೆರಡರ ನಡುವಿನದು. ೧೯೭೪ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಉಳುವವನೇ ಒಡೆಯನಾದ ಮೇಲೆ ಅವರಲ್ಲಿ ಅನೇಕರು ಸಮಾನರಾಗಿ ಜಗಲಿಯ ಮೇಲೆ ಕೂರುವಂತಾಯಿತು.

ಹೆಂಗಸರ ವಿಷಯವೂ ವಿಚಾರಣೀಯ. ಅಗೆ ಕೀಳುವುದು, ನೆಡುವುದು, ಕಳೆ ಕೀಳುವುದು ಬಹುಪಾಲು ಅವರ ಕೆಲಸ. ಯಾರ ಮಡಿಯ ಅಗೆ ಎಷ್ಟು ಬಲಿತಿದೆ ಎಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಅವರ ದಿನಗಳು ಮನೆಯ ಲೆಕ್ಕಕ್ಕೆ ಸೇರುತ್ತಿದ್ದವು. ಸರದಿಯ ಮಾತು ಮಾತ್ರ ಗಂಡಸರ ಜಗಲಿಯಲ್ಲಿ ನಡೆಯುತ್ತಿತ್ತು. ಇದು ಕೇವಲ ನ್ಯಾಯದ ಪ್ರಶ್ನೆಯಲ್ಲ, ನಿರ್ಣಯದ ಗುಣದ ಪ್ರಶ್ನೆ. ಬಲ್ಲವರ ಭಿನ್ನಾಭಿಪ್ರಾಯವು ಕೇಳಿಸದ ಕಡೆ ತಂಡವು ತನಗೆ ತಿಳಿದಿರುವುದಕ್ಕಿಂತ ಕಡಿಮೆ ತಿಳಿದಂತೆ ನಡೆಯುತ್ತದೆ. ಮತಭೇದವೆಂಬುದು ಹಲವು ವೇಳೆ ಸ್ವಭಾವದ ಒರಟುತನವಲ್ಲ. ಬೇರೊಂದು ಕಡೆ ನಿಂತು ಕಂಡ ಸಂಗತಿ.

೩

ಈಗ ಪಾಶ್ಚಾತ್ಯ ವಿದ್ವಾಂಸರ ಮತವನ್ನು ನೋಡೋಣ. ಸ್ವಯಂನಿರ್ವಹಣೆಯ ತಂಡಗಳನ್ನು ಕುರಿತ ಶಾಸ್ತ್ರಕ್ಕೆ ಬುನಾದಿ ಹಾಕಿದ್ದು ಲಂಡನ್ನಿನ ಟಾವಿಸ್ಟಾಕ್ ಸಂಸ್ಥೆ. ಎರಿಕ್ ಟ್ರಿಸ್ಟ್ ಮತ್ತು ಹಿಂದೆ ತಾನೇ ಗಣಿಯಲ್ಲಿ ದುಡಿದಿದ್ದ ಕೆನ್ ಬ್ಯಾಮ್‌ಫೋರ್ತ್ ಇವರು ೧೯೫೧ರಲ್ಲಿ ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳನ್ನು ಕುರಿತು ಪ್ರಕಟಿಸಿದ ಪ್ರಬಂಧವು ಇದರ ಆರಂಭ. ಹಿಂದೆ ಗಣಿಯೊಳಗೆ ಇಬ್ಬರು ಮೂವರು ತಾವೇ ಜೊತೆಗಾರರನ್ನು ಆರಿಸಿಕೊಂಡು, ಕಲ್ಲಿದ್ದಲನ್ನು ಕಡಿಯುವುದರಿಂದ ಹೊರಸಾಗಿಸುವವರೆಗೆ ಇಡೀ ಕೆಲಸಕ್ಕೆ ಹೊಣೆಯಾಗುತ್ತಿದ್ದರು. ಯಂತ್ರಗಳು ಬಂದ ಮೇಲೆ ಕೆಲಸವನ್ನು ಮೂರು ಪಾಳಿಗಳಾಗಿ ತುಂಡರಿಸಲಾಯಿತು. ಒಂದು ಪಾಳಿಯವರು ಕಡಿಯಬೇಕು, ಮತ್ತೊಂದು ಪಾಳಿಯವರು ತುಂಬಬೇಕು. ಪರಿಣಾಮವೇನೆಂದರೆ, ಒಂದು ಪಾಳಿಯ ತಪ್ಪನ್ನು ಇನ್ನೊಂದು ಪಾಳಿ ಅನುಭವಿಸುವುದು, ಆದರೆ ತಪ್ಪು ಮಾಡಿದವನನ್ನು ಎದುರಿಗೆ ಕಾಣದಿರುವುದು. ಆಪಾದನೆ ಬೆಳೆಯಿತು, ಗೈರುಹಾಜರಿ ಬೆಳೆಯಿತು. ಈ ಪ್ರಬಂಧದಿಂದ ವಿದ್ವಾಂಸರು ಸಾಮಾನ್ಯವಾಗಿ ತೆಗೆಯುವ ಪಾಠ, ತಂಡವನ್ನು ಒಡೆಯಬಾರದು ಎಂಬುದು. ನಾವು ತೆಗೆಯುವ ಪಾಠ ತುಸು ಬೇರೆ. ಗಣಿಯವರಲ್ಲಿ ಹೊಸದಾಗಿ ಜಗಳ ಹುಟ್ಟಿದ್ದಲ್ಲ. ಹಿಂದೆ ಮುಖಾಮುಖಿಯಾಗಿ ಆಡಿ ಮುಗಿಸುತ್ತಿದ್ದ ಜಗಳಕ್ಕೆ ಈಗ ಆಡುವ ಸ್ಥಳವಿಲ್ಲದಂತಾಯಿತು. ಅವರ ಜಗಲಿ ಹೋಯಿತು.

ಭಾರತದಲ್ಲಿ ಈ ವಿಚಾರದ ಪರೀಕ್ಷೆ ನಡೆದದ್ದು ಅಹಮದಾಬಾದಿನ ಕ್ಯಾಲಿಕೊ ಗಿರಣಿಯಲ್ಲಿ, ೧೯೫೩ರಲ್ಲಿ. ಟಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸ್ ಅವರು ಅದನ್ನು ೧೯೫೮ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಸ್ವಯಂಚಾಲಿತ ಮಗ್ಗಗಳ ಒಂದು ಶೆಡ್ಡಿನಲ್ಲಿ ೨೨೪ ಮಗ್ಗಗಳಿದ್ದವು. ಅವನ್ನು ನೋಡಿಕೊಳ್ಳುವ ಕೆಲಸಗಾರರನ್ನು ೧೨ ಬಗೆಯ ಪ್ರತ್ಯೇಕ ಕಸುಬುಗಳಾಗಿ ವಿಂಗಡಿಸಲಾಗಿತ್ತು. ಯಾರ ಕೆಲಸ ಯಾರಿಗೆ ಸೇರಿದ್ದೆಂಬುದೇ ಗೊಂದಲ. ನಿರ್ದಿಷ್ಟ ಮಗ್ಗಗಳಿಗೆ ಒಂದೊಂದು ಸಣ್ಣ ತಂಡವನ್ನು ಹೊಣೆಮಾಡುವ ಸಲಹೆ ಬಂದೊಡನೆ ಕೆಲಸಗಾರರು ಅದನ್ನು ತಮ್ಮದಾಗಿ ಮಾಡಿಕೊಂಡು, ತಾವೇ ಜೊತೆಗಾರರನ್ನು ಆರಿಸಿಕೊಂಡು ತಂಡಗಳನ್ನು ಕಟ್ಟಿದರು. ಕಾಲಕ್ರಮದಲ್ಲಿ ಉತ್ಪಾದನೆಯೂ ಬಟ್ಟೆಯ ಗುಣವೂ ಉತ್ತಮಗೊಂಡವು. ದುಡಿಯುವವನಿಗೆ ವಿವೇಕವಿಲ್ಲವೆಂದು ನಂಬಿದ್ದ ಕಾಲದಲ್ಲಿ ಅವನ ವಿವೇಕವನ್ನು ಸಾಕ್ಷ್ಯಸಮೇತ ತೋರಿಸಿದ ಗ್ರಂಥವೆಂದು ಇದಕ್ಕೆ ನಾವು ಗೌರವ ಸಲ್ಲಿಸಲೇಬೇಕು.

ಆದರೂ ಮತಭೇದದ ವಿಷಯದಲ್ಲಿ ರೈಸ್ ಅವರ ಸಿದ್ಧಾಂತ ತೃಪ್ತಿಕರವಾಗಿಲ್ಲ. ತಂಡದಲ್ಲಿ ಹೊಂದಿಕೊಳ್ಳಲಾಗದಷ್ಟು ಅಸಮಾಧಾನಗೊಂಡ ಸದಸ್ಯನು ಅದೇ ಬಗೆಯ ಕೆಲಸ ಮಾಡುವ ಇನ್ನೊಂದು ತಂಡಕ್ಕೆ ಹೋಗಲು ಅವಕಾಶವಿರಬೇಕು ಎಂಬುದು ಅವರು ಮುಂದಿಟ್ಟ ತತ್ತ್ವಗಳಲ್ಲಿ ಒಂದು. ಇದು ಮಾನವೀಯವಾದ ತತ್ತ್ವ, ಅಲ್ಲಗಳೆಯುವಂತಿಲ್ಲ. ಆದರೆ ಇದರಲ್ಲಿ ಒಂದು ಊಹೆ ಅಡಗಿದೆ: ಭಿನ್ನಾಭಿಪ್ರಾಯಕ್ಕೆ ಕೊನೆಯ ಪರಿಹಾರ ಅಗಲಿಕೆ. ಒಂದೇ ಸೂರಿನ ಕೆಳಗೆ ಒಂದೇ ಬಗೆಯ ಮಗ್ಗಗಳಿರುವ ಗಿರಣಿಯಲ್ಲಿ ಇದು ನಡೆದೀತು. ಅಡ್ಡಗದ್ದೆಯಲ್ಲಿ ಗದ್ದೆಯನ್ನು ಎತ್ತಿಕೊಂಡು ಇನ್ನೊಂದು ಕಣಿವೆಗೆ ಹೋಗುವುದು ಸಾಧ್ಯವಿಲ್ಲ. ನೆರೆಯವನು ನೆರೆಯವನೇ, ಮೇಲಿನ ಗದ್ದೆಯ ನೀರು ಕೆಳಗಿನ ಗದ್ದೆಗೇ ಇಳಿಯಬೇಕು. ಬೇರೆ ಸುತ್ತು ಸೇರುವುದಾದರೂ ಒಂದೆರಡು ಬಾರಿಯ ಮಾತು. ಅಗಲಲಾಗದವರು ಹೇಗೆ ನಿರ್ಣಯಕ್ಕೆ ಬರುತ್ತಾರೆಂಬುದೇ ಕಠಿಣವಾದ ಪ್ರಶ್ನೆ, ಅದನ್ನು ರೈಸ್ ಅವರು ಕೇಳಲಿಲ್ಲ.

ಇನ್ನೊಂದು ಸಂಗತಿಯೂ ಇದೆ. ೧೯೭೦ರಲ್ಲಿ ಅದೇ ಸಂಸ್ಥೆಯ ಎರಿಕ್ ಮಿಲ್ಲರ್ ಅವರು ಆ ಗಿರಣಿಗೆ ಹೋಗಿ ನೋಡಿದಾಗ, ಸಾಮಾನ್ಯ ಮಗ್ಗಗಳ ಪ್ರಯೋಗದ ಶೆಡ್ಡಿನಲ್ಲಿ ತಂಡದ ಪದ್ಧತಿ ಅಚ್ಚರಿಪಡುವಂತೆ ಉಳಿದಿತ್ತು. ಸ್ವಯಂಚಾಲಿತ ಮಗ್ಗಗಳ ಕಡೆ ಬಹುಮಟ್ಟಿಗೆ ಸವೆದುಹೋಗಿತ್ತು. ಒಂದೇ ಗಿರಣಿ, ಒಂದೇ ಮೂಲತತ್ತ್ವ, ಎರಡು ಫಲ. ಬರಿಯ ಒಗ್ಗಟ್ಟಿನ ಸಿದ್ಧಾಂತದಿಂದ ಈ ಭೇದವನ್ನು ವಿವರಿಸುವುದು ಕಷ್ಟ. ಹೊರಗಿನ ಒತ್ತಡ ಬದಲಾದಾಗ ಹಳೆಯ ನಿರ್ಣಯಗಳನ್ನು ಮತ್ತೆ ಚರ್ಚಿಸಿ ಹೊಸದಾಗಿ ಕಟ್ಟಿಕೊಳ್ಳುವ ಶಕ್ತಿ ತಂಡಕ್ಕೆ ಬೇಕು. ಒಮ್ಮೆ ಆದ ಒಪ್ಪಂದವು ಆ ಶಕ್ತಿಯಲ್ಲ.

೪

ದೊಡ್ಡ ಸಂಖ್ಯೆಯ ಕೆಲಸಗಾರರು ತಾವೇ ಒಡೆಯರಾದಾಗ ಏನಾಗುತ್ತದೆಂಬುದಕ್ಕೆ ನಮ್ಮ ಹತ್ತಿರವೇ ಎರಡು ನಿದರ್ಶನಗಳಿವೆ. ಮೊದಲನೆಯದು ಕಾಫಿಯದು. ಶೃಂಗೇರಿ, ಕೊಪ್ಪಗಳ ಗುಡ್ಡಗಳಲ್ಲಿ ಬೆಳೆಯುವ ಈ ಬೆಳೆಯನ್ನು ನಗರದ ಜನರಿಗೆ ರೂಢಿಮಾಡಿಸಲು ೧೯೩೬ರಲ್ಲಿ ಮುಂಬಯಿಯಲ್ಲಿ ಕಾಫಿ ಹೌಸ್ ತೆರೆಯಲಾಯಿತು. ಆಮೇಲೆ ಕಾಫಿ ಮಂಡಲಿಯ ಆಡಳಿತದಲ್ಲಿ ಅನೇಕ ನಗರಗಳಿಗೆ ಹಬ್ಬಿತು. ೧೯೫೦ರ ದಶಕದಲ್ಲಿ ಮಂಡಲಿಯು ಅವನ್ನು ಮುಚ್ಚಲು ಹೊರಟಾಗ, ಎ. ಕೆ. ಗೋಪಾಲನ್ ಅವರ ಪ್ರೋತ್ಸಾಹದಿಂದ ಕೆಲಸಗಾರರೇ ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಅವುಗಳಲ್ಲಿ ಮೊದಲನೆಯದು ೧೯೫೭ರ ಆಗಸ್ಟ್ ೧೯ರಂದು ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. ಮಹಾತ್ಮಾ ಗಾಂಧಿ ರಸ್ತೆಯಲ್ಲಿದ್ದ ಅದರ ಕಾಫಿ ಹೌಸ್ ೨೦೦೯ರಲ್ಲಿ ಚರ್ಚ್ ಸ್ಟ್ರೀಟಿಗೆ ಸ್ಥಳಾಂತರಗೊಂಡಿತು. ಬಡಿಸುವವನೇ ಪಾಲುದಾರನೂ ಆಗಿರುವ ಸಂಸ್ಥೆಯೊಂದು ಅರ್ಧ ಶತಮಾನಕ್ಕೂ ಮೀರಿ ನಡೆದು ಬಂದದ್ದು ಸಾಮಾನ್ಯ ಸಂಗತಿಯಲ್ಲ.

ಎರಡನೆಯದು ಬೀಡಿಯದು. ಬೀಡಿ ಕೆಲಸಗಾರರ ಸ್ಥಿತಿಯನ್ನು ಸುಧಾರಿಸಲು ೧೯೬೬ರಲ್ಲಿ ಆದ ಕಾನೂನನ್ನು ಕೇರಳ ಸರ್ಕಾರ ೧೯೬೮ರಲ್ಲಿ ಜಾರಿಗೆ ತರಲು ಹೊರಟಾಗ, ಮಂಗಳೂರಿನ ದೊಡ್ಡ ಬೀಡಿ ವರ್ತಕರು ಕಣ್ಣೂರು ಜಿಲ್ಲೆಯ ತಮ್ಮ ಕೆಲಸವನ್ನು ನಿಲ್ಲಿಸಿದರು. ಆಗ ಕಾಸರಗೋಡೂ ಆ ಜಿಲ್ಲೆಯೊಳಗೇ ಇತ್ತು. ಸುಮಾರು ೧೨,೦೦೦ ಜನ ನಿರುದ್ಯೋಗಿಗಳಾದರು. ೧೯೬೯ರ ಫೆಬ್ರವರಿ ೧೫ರಂದು ಹುಟ್ಟಿದ ಕೇರಳ ದಿನೇಶ್ ಬೀಡಿ ಸಹಕಾರ ಸಂಘವು ಇವರದು. ಉಚ್ಛ್ರಾಯದಲ್ಲಿ ಅದರ ಕೆಲಸಗಾರರು ೪೦,೦೦೦ಕ್ಕೂ ಮೇಲ್ಪಟ್ಟಿದ್ದರು. ಈ ಸಂಘವನ್ನು ಕುರಿತು ಟಿ. ಎಂ. ಥಾಮಸ್ ಐಸಾಕ್, ರಿಚರ್ಡ್ ಫ್ರಾಂಕಿ ಮತ್ತು ಪ್ಯಾರೇಲಾಲ್ ರಾಘವನ್ ಇವರು ೧೯೯೮ರಲ್ಲಿ ಪ್ರಕಟಿಸಿದ ಗ್ರಂಥವು, ದುಡಿಮೆಯಲ್ಲಿ ಪ್ರಜಾಸತ್ತೆ ಸಾಧ್ಯವೆಂಬುದನ್ನು ವಿಸ್ತಾರವಾಗಿ ಪ್ರತಿಪಾದಿಸುತ್ತದೆ. ಪ್ರಾಥಮಿಕ ಸಂಘಗಳ ನಿರ್ದೇಶಕರನ್ನು ಕೆಲಸಗಾರರೇ ಚುನಾಯಿಸುವುದು, ಮೇಲ್ವಿಚಾರಕರ ದಬ್ಬಾಳಿಕೆ ತಗ್ಗಿದುದು, ಕೂಲಿಯೂ ಸವಲತ್ತುಗಳೂ ಹೆಚ್ಚಿದುದು ಇವೆಲ್ಲ ಅದರಲ್ಲಿವೆ.

ಗ್ರಂಥಕಾರರ ನಿರ್ಣಯವನ್ನು ನಾವು ಒಪ್ಪುತ್ತೇವೆ. ಅವರು ಒತ್ತು ಕೊಟ್ಟಿರುವ ಬಗೆಯನ್ನು ಅಷ್ಟಾಗಿ ಒಪ್ಪಲಾರೆವು. ಚುನಾವಣೆಗೆ ಅವರ ವಿವರಣೆಯಲ್ಲಿ ಪ್ರಧಾನ ಸ್ಥಾನ. ಮತದಾನವು ಭಿನ್ನಾಭಿಪ್ರಾಯವನ್ನು ಎಣಿಸುತ್ತದೆ, ಅದನ್ನು ಕೇಳುವುದಿಲ್ಲ. ಸೋತ ಪಕ್ಷದವನು ಏಕೆ ಹಾಗೆ ಹೇಳಿದನೆಂಬುದು ಎಣಿಕೆಯ ಪೆಟ್ಟಿಗೆಯಲ್ಲಿ ದೊರೆಯುವುದಿಲ್ಲ. ನಮ್ಮ ದೃಷ್ಟಿಯಲ್ಲಿ ಹೆಚ್ಚು ಬೆಲೆಯುಳ್ಳ ಸಂಗತಿ ಬೇರೊಂದು. ಆ ಭಾಗದ ಬೀಡಿ ಕಟ್ಟುವ ಮನೆಗಳಲ್ಲಿ, ಎಲ್ಲರೂ ಎಲೆ ಸುತ್ತುತ್ತಿರುವಾಗ ಒಬ್ಬನು ವೃತ್ತಪತ್ರಿಕೆಯನ್ನು ಗಟ್ಟಿಯಾಗಿ ಓದುವ ರೂಢಿ ಬಹಳ ಹಿಂದಿನಿಂದ ಇತ್ತು. ಓದಿದ ಮೇಲೆ ಚರ್ಚೆ. ಕೈ ನಿಲ್ಲಿಸದೆಯೇ ವಾದ. ಸಂಘ ಹುಟ್ಟುವುದಕ್ಕೆ ದಶಕಗಳ ಮೊದಲೇ ಅವರು ಒಟ್ಟಿಗೆ ಕುಳಿತು ಒಪ್ಪದಿರುವುದನ್ನು ಅಭ್ಯಾಸ ಮಾಡಿದ್ದರು. ದಿನೇಶ್ ಬೀಡಿಯ ಪ್ರಜಾಸತ್ತೆಗೆ ಚುನಾವಣೆಯಷ್ಟೇ ಈ ಓದಿನ ಮನೆಯೂ ಕಾರಣವೆಂಬುದು ನಮ್ಮ ಅಭಿಪ್ರಾಯ. ಹೊಗೆಸೊಪ್ಪಿನ ಬೇಡಿಕೆ ಇಳಿದ ಮೇಲೆ ಕೊಡೆ, ಆಹಾರಪದಾರ್ಥ ಮುಂತಾದ ಹೊಸ ಉದ್ಯಮಗಳಿಗೆ ಸಂಘವು ಕೈಹಾಕಬೇಕಾಗಿ ಬಂತು. ಕಸುಬನ್ನೇ ಬದಲಾಯಿಸುವಂಥ ನಿರ್ಣಯವು ಮತಭೇದವಿಲ್ಲದೆ ಆಗುವಂಥದಲ್ಲ. ವಾದದ ಅಭ್ಯಾಸವಿಲ್ಲದ ಸಂಘದಲ್ಲಿ ಅದು ಆಗುವುದೇ ಇಲ್ಲ.

೫

ಇತಿಹಾಸದ ಅಭ್ಯಾಸಿಗಳಾದ ನಮಗೆ ಇಲ್ಲಿ ಒಂದು ವೃತ್ತಿದೋಷವನ್ನು ಒಪ್ಪಿಕೊಳ್ಳುವ ಪ್ರಸಂಗ ಬರುತ್ತದೆ. ಶಾಸನಗಳಲ್ಲಿ ಅಗ್ರಹಾರದ ಮಹಾಜನರೆಲ್ಲ ಕೂಡಿ ದತ್ತಿ ಬಿಟ್ಟರೆಂದೋ, ಅಯ್ಯಾವೊಳೆಯ ಐನೂರ್ವರು ಸೇರಿ ಸುಂಕವನ್ನು ಗೊತ್ತುಮಾಡಿದರೆಂದೋ ಓದಿದೊಡನೆ, ಪ್ರಾಚೀನ ಕರ್ನಾಟಕದ ಸಭೆಗಳು ಏಕಕಂಠದವೆಂದು ಬರೆದುಬಿಡುತ್ತೇವೆ. ಕಲ್ಲಿನ ಮೇಲೆ ಕೆತ್ತುವುದು ನಿರ್ಣಯವನ್ನು. ವಾದವನ್ನು ಯಾರೂ ಕೆತ್ತಿಸುವುದಿಲ್ಲ. ಆದರೆ ಅದೇ ಶಾಸನದ ಕೊನೆಯಲ್ಲಿ ಈ ಧರ್ಮವನ್ನು ಅಳಿದವನಿಗೆ ತಟ್ಟುವ ಪಾಪಗಳ ದೀರ್ಘವಾದ ಶಾಪವಾಕ್ಯವಿರುತ್ತದೆ. ಅದು ರೂಢಿಯ ಮಾತೆಂದು ನಾವು ದಾಟಿ ಹೋಗುತ್ತೇವೆ. ರೂಢಿಯ ಮಾತೇ ಹೌದು. ಆದರೆ ಅಳಿಯುವವನು ಇರಬಹುದೆಂಬ ಶಂಕೆಯಿಲ್ಲದ ಕಡೆ ಇಂಥ ರೂಢಿ ಬೇರೂರುವುದಿಲ್ಲ. ಒಪ್ಪದವನ ನೆರಳು ಆ ಕಲ್ಲಿನ ಮೇಲೆ ಬಿದ್ದಿದೆ. ಮುಯ್ಯಾಳನ್ನು ಕುರಿತು ಬರೆಯುವವರು ಮಾಡುವ ತಪ್ಪೂ ಇದೇ: ಮುಗಿದ ನೆಟ್ಟಿಯನ್ನು ನೋಡಿ ಮೊದಲಿನ ಜಗಲಿಯನ್ನು ಮರೆಯುತ್ತಾರೆ.

ಈ ಚರ್ಚೆ ಕೇವಲ ಗತಕಾಲದ್ದಾಗಿದ್ದರೆ ಇಷ್ಟು ಹೇಳಿ ನಿಲ್ಲಿಸಬಹುದಿತ್ತು. ಅಡ್ಡಗದ್ದೆಯ ಸುತ್ತಿನ ಜನರಿಗೆ ಇದು ಇಂದಿನ ಪ್ರಶ್ನೆ. ಗದ್ದೆಗಳು ಬಹುಪಾಲು ತೋಟಗಳಾಗಿವೆ. ನೆಟ್ಟಿಯೊಡನೆ ಮುಯ್ಯಾಳೂ ಬಹುಮಟ್ಟಿಗೆ ಕ್ಷೀಣಿಸಿದೆ. ಕೊನೆಗಾರರೂ ಔಷಧಿ ಹೊಡೆಯುವವರೂ ಬೇಕಾದಾಗ ದೊರೆಯುವುದಿಲ್ಲ. ಅಡಿಕೆಗೆ ಕೊಳೆರೋಗ ಹಳೆಯ ಶತ್ರು. ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ೧೯೧೦ರ ಸುಮಾರಿನಲ್ಲಿಯೇ ಅದನ್ನು ಅಧ್ಯಯನ ಮಾಡಿ ಬೋರ್ಡೋ ದ್ರಾವಣದ ಉಪಯೋಗವನ್ನು ತೋರಿಸಿದ್ದರು. ಅದರ ಮೇಲೆ ಹಳದಿ ಎಲೆ ರೋಗವು ಶೃಂಗೇರಿ, ಕೊಪ್ಪಗಳ ತೋಟಗಳನ್ನು ದಶಕಗಳಿಂದ ಸವೆಸುತ್ತ ಬಂದಿದೆ. ಇತ್ತೀಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ಎಲೆಚುಕ್ಕಿಯ ವಿಷಯದಲ್ಲಿ ತಜ್ಞರು ಹೇಳುವುದು, ರೋಗ ತಗುಲಿದ ಸೋಗೆಯನ್ನು ತೆಗೆದು ನಾಶಮಾಡಿ, ಒಂದು ಪ್ರದೇಶದ ತೋಟಗಳಿಗೆಲ್ಲ ಒಟ್ಟಿಗೆ ಔಷಧಿ ಸಿಂಪಡಿಸಬೇಕೆಂದು. ಒಬ್ಬನು ಹೊಡೆದು ನೆರೆಯವನು ಬಿಟ್ಟರೆ ರೋಗವು ಬೇಲಿಯನ್ನು ಲೆಕ್ಕಿಸುವುದಿಲ್ಲ.

ಇಲ್ಲಿಯೂ ಹಳೆಯ ನಾಲ್ಕು ಪ್ರಶ್ನೆಗಳೇ ಹೊಸ ವೇಷದಲ್ಲಿ ಬರುತ್ತವೆ. ಯಾರ ತೋಟ ಮೊದಲು? ಮಳೆ ಬಿಡುವು ಕೊಡುವುದು ಎರಡೇ ದಿನವಾದರೆ ಸಿಂಪರಣೆಯ ಯಂತ್ರ ಎಲ್ಲಿಗೆ ಹೋಗಬೇಕು? ಮರ ಹತ್ತಲು ಬಲ್ಲವನ ಒಂದು ದಿನಕ್ಕೆ ಕೆಳಗೆ ನಿಂತು ಹಗ್ಗ ಹಿಡಿಯುವವನ ಎಷ್ಟು ದಿನ? ತೋಟವೇ ಹೋದೀತು, ಔಷಧಿಗೆ ಹಣ ಸುರಿಯುವುದು ವ್ಯರ್ಥವೆನ್ನುವವನನ್ನು ಏನು ಮಾಡುವುದು? ಕೊನೆಯವನು ತಂಡದ ವಿರೋಧಿಯೆಂದು ನಾವು ಬೇಗ ತೀರ್ಪು ಕೊಡಬಾರದು. ಆತನು ಲೆಕ್ಕ ಹಾಕಿ ಕಂಡದ್ದನ್ನು ಹೇಳುತ್ತಿರಬಹುದು. ಉಳಿದವರು ಕೇಳಲು ಇಷ್ಟಪಡದ ಸಂಗತಿ ಅದಾಗಿರಬಹುದು. ಅವನ ಮಾತನ್ನು ಕೂತು ಕೇಳಿದ ನೆರೆಹೊರೆಯು ಅವನ ತೋಟವನ್ನೂ ಸುತ್ತಿನೊಳಕ್ಕೆ ತರಬಲ್ಲದು. ಒಗ್ಗಟ್ಟಿನಲ್ಲಿ ಬಲವಿದೆ ಎಂದು ಹೇಳಿ ಬಾಯಿ ಮುಚ್ಚಿಸಿದರೆ ಆ ತೋಟ ಬೇಲಿಯಾಚೆಯ ರೋಗದ ಮನೆಯಾಗಿ ಉಳಿಯುತ್ತದೆ.

ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಪ್ರಗತಿಬಂಧು ತಂಡಗಳಲ್ಲಿ ಕೆಲವೇ ಮಂದಿ ನೆರೆಯ ಸಣ್ಣ ರೈತರು ವಾರದಲ್ಲಿ ಒಂದು ದಿನ ಸರದಿಯಂತೆ ಒಬ್ಬೊಬ್ಬರ ಭೂಮಿಯಲ್ಲಿ ದುಡಿಯುವ ಕ್ರಮವಿದೆ. ಶ್ರಮವಿನಿಮಯದ ಹಳೆಯ ತತ್ತ್ವಕ್ಕೆ ಹೊಸ ರೂಪ ಕೊಡಲು ಸಾಧ್ಯವೆಂಬುದಕ್ಕೆ ಇದು ಸಾಕ್ಷಿ. ಇಂಥ ತಂಡಗಳನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಗಳಿಗೆ ನಮ್ಮ ಸೂಚನೆ ಹೀಗಿದೆ. ನಿರ್ಣಯದ ಪುಸ್ತಕದಲ್ಲಿ 'ಸರ್ವಾನುಮತದಿಂದ' ಎಂದು ಬರೆದಿರುವ ಕಡೆ ನಿಲ್ಲಿ. ಒಪ್ಪದವರು ಯಾರಿದ್ದರು, ಅವರು ಅದನ್ನು ಕೆಲಸಕ್ಕೆ ಮೊದಲು ಆಡಿದರೇ ಅನಂತರ ಆಡಿದರೇ, ಆಡಲು ಕುಳಿತ ಸ್ಥಳ ಯಾವುದು, ಆ ಸ್ಥಳಕ್ಕೆ ಯಾರಿಗೆ ಪ್ರವೇಶವಿರಲಿಲ್ಲ, ಮುಂದಿನ ಸರದಿಯಲ್ಲಿ ಅವರು ಬಂದರೇ ಎಂಬುದನ್ನು ಕೇಳಿ. ಮುಯ್ಯಿ ಎಂಬ ಶಬ್ದದ ಎರಡು ಅರ್ಥಗಳಲ್ಲಿ ಯಾವುದು ಆ ತಂಡದಲ್ಲಿ ಉಳಿಯಿತೆಂಬುದು ಆ ಉತ್ತರಗಳಿಂದ ತಿಳಿಯುತ್ತದೆ.